ಮಂಡಕ್ಕಿಗೆ ನೀರು ಚಿಮುಕಿಸಿದ್ದು

ಆ ದಿನ ಬುಟ್ಟಿಯಲ್ಲಿದ್ದ ಮಂಡಕ್ಕಿಗೆ ನೀರು ಚಿಮುಕಿಸಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿಟ್ಟೆ. ಮಲ್ಲಿಗೆ ಮೊಗ್ಗೆಂದು ತಿಳಿದಿದ್ದೆ. ವಾಸನೆಯಾದರೂ ಗೊತ್ತಾಗಲಿಲ್ಲವೇ ಎಂದು ಹೊರಗಿನವರು ಕೇಳಬಹುದು. ಹೂವಿನಹಡಗಲಿಯಲ್ಲಿ ಹೂ ಕಟ್ಟುವವರ ಮನೆಯಲ್ಲಿ ಗೋಡೆಗೂ ಮಲ್ಲಿಗೆಯ ವಾಸನೆಯೇ.

ಮನೆಯವರು ಮೊದಲು ನಕ್ಕರು. ಸಂಜೆ ಗಂಡ ಬಾಚಣಿಗೆ ಹಿಡಿದು "ಇದೇನು ಹೇಳು" ಎಂದಾಗ ನಾನು ಹೇಳಲಾರದೆ ಕೂತೆ. ಆಮೇಲೆ ಯಾರೂ ನಗಲಿಲ್ಲ.

ದಾವಣಗೆರೆಯ ಡಾಕ್ಟರು ಸ್ಕ್ಯಾನ್ ನೋಡಿ, ಮಿದುಳಿನ ಹಿಂಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಬೀಗದ ಕೈ ತೋರಿಸಿ ಏನೆಂದು ಕೇಳಿದರು. ಹೊಳೆಯುತ್ತದೆ, ಉದ್ದಗಿದೆ, ಹಲ್ಲಿದೆ ಎಂದೆ. ತಗೊಳ್ಳಿ ಎಂದರು. ಕೈ ತಡವರಿಸದೆ ಹೋಗಿ ಹಿಡಿಯಿತು. ಹಿಡಿದ ಕೂಡಲೇ ಬೀಗದ ಕೈ ಎಂದೆ. ಕಣ್ಣು ಕಂಡದ್ದು ಮಿದುಳಿನಲ್ಲಿ ಎರಡು ದಾರಿ ಹಿಡಿಯುತ್ತದಂತೆ. ಒಂದು, ಅದು ಏನೆಂದು ತಿಳಿಸುತ್ತದೆ. ಇನ್ನೊಂದು, ಎಲ್ಲಿದೆ, ಹೇಗೆ ಹಿಡಿಯಬೇಕೆಂದು ಕೈಗೆ ತಿಳಿಸುತ್ತದೆ. ನನ್ನದು ಮೊದಲನೆಯ ದಾರಿ ಕೆಟ್ಟಿತ್ತು.

ಊರಿಗೆ ಬಂದ ಮೇಲೆ ಸೊಸೆ ಹೂವಿನ ಬುಟ್ಟಿಯನ್ನು ನನ್ನಿಂದ ದೂರ ಎಳೆದಿಟ್ಟಳು.

"ನೀವು ಸುಮ್ನ ಕುಂದರ್ರಿ ಅತ್ತಿ. ನಾ ಅದೀನಲ್ಲ."

ಒಳ್ಳೆಯ ಮಾತೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಹೂ ಕಟ್ಟಿದವಳು. ಆ ಕೆಲಸವೂ ಹೋದರೆ ಈ ಮನೆಯಲ್ಲಿ ನಾನು ಊಟಕ್ಕಷ್ಟೇ ಎಂದು ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಅವಳು ಬಸ್ ಸ್ಟ್ಯಾಂಡಿಗೆ ಹೂ ಕೊಡಲು ಹೋದಾಗ ಬುಟ್ಟಿಯ ಮುಂದೆ ಕೂತೆ. ಕಣ್ಣಿಗೆ ಕಂಡದ್ದು ಬಿಳಿ ಚುಕ್ಕೆಗಳ ರಾಶಿ. ಇದೇನು, ಇದೇನು ಎಂದು ನೋಡುತ್ತಿದ್ದಷ್ಟು ಹೊತ್ತು ಕೈ ಓಡಲಿಲ್ಲ. ಏನಾದರೂ ಆಗಿರಲಿ, ಹಾಳಾಗಿ ಹೋಗಲಿ ಎಂದು ನೋಡುವುದನ್ನೇ ಬಿಟ್ಟೆ. ಬೆರಳು ಎರಡೆರಡು ಮೊಗ್ಗು ಎತ್ತಿ, ತೊಟ್ಟಿಗೆ ತೊಟ್ಟು ಸೇರಿಸಿ, ಗಂಟು ಬಿಗಿಯತೊಡಗಿತು. ಅರಳಲಾರದ ಎಳೆಯ ಮೊಗ್ಗು ಗಟ್ಟಿ ಇರುತ್ತದೆ. ಅದನ್ನು ಪಕ್ಕಕ್ಕೆ ಹಾಕಿದೆ. ಅವಳು ಬರುವಷ್ಟರಲ್ಲಿ ಒಂದು ಮಾರು ಆಗಿತ್ತು, ಎರಡು ತೋಳು ಚಾಚಿದಷ್ಟು ಉದ್ದ.

ಸೊಸೆ ಮಾಲೆಯನ್ನು ಬೆರಳ ಸಂದಿಯಲ್ಲಿ ಎಳೆದು ಒಂದೊಂದೇ ಗಂಟು ನೋಡಿದಳು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಹಾಗೇ ನೋಡಿ, ಸಡಿಲವಾದದ್ದನ್ನು ಅವಳ ಮುಂದೆಯೇ ಬಿಚ್ಚಿ ಹಾಕುತ್ತಿದ್ದೆ. ಅವಳು ಒಂದನ್ನೂ ಬಿಚ್ಚಲಿಲ್ಲ.

"ನಾಳಿ ಇಟ್ಟಿಗಿ ಊರಾಗಿನ ಮದಿವಿಗೆ ಹತ್ತು ಮಾರು ಬೇಕಾಗೈತ್ರಿ, ಅತ್ತಿ."

ಅವಳ ಮುಖ ನೋಡಿದೆ. ಕಣ್ಣು, ಮೂಗು, ಬಾಯಿ ಬಿಡಿಬಿಡಿಯಾಗಿ ಕಂಡವು. ನಗುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ.

"ಹನ್ನೆರಡು ಕೊಡ್ತೀನಿ ತಗಾ" ಎಂದೆ.