ಸರೋವರದಂಚಿನ ವೈನ್‌ಮನೆಯಲ್ಲಿ ನಾನು ಮುಚ್ಚಿದ ಬಾಗಿಲು

ಹುದುಗುವ ದ್ರಾಕ್ಷಿರಸ ಉಸಿರು ಬಿಡುತ್ತದೆ. ಆ ಉಸಿರಿಗೆ ಬಣ್ಣವಿಲ್ಲ; ನೆಲಮಾಳಿಗೆಯಲ್ಲಿ ತುಂಬಿಕೊಂಡರೆ ಮನುಷ್ಯ ಸಾಯುತ್ತಾನೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ನನಗೆ ಇದು ಗೊತ್ತಿತ್ತು. ಆದರೂ ಬಾಗಿಲು ಮುಚ್ಚಿದವಳು ನಾನೇ.

ವಿಜಯಪುರದ ಹತ್ತಿರದ ನಮ್ಮ ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಗೋಡೆಯೇ ಇರುವುದಿಲ್ಲ. ಬಲೆಯ ಮೇಲೆ ಹರವಿದ ಹಣ್ಣಿನ ನಡುವೆ ಬಿಸಿಗಾಳಿ ಓಡಾಡಬೇಕು. ಇಲ್ಲಿ ಅಮೆರಿಕದಲ್ಲಿ, ಶಿಕಾಗೋದಿಂದ ಡೆಟ್ರಾಯಿಟ್‌ಗೆ ಹೋಗುವ ಹೆದ್ದಾರಿಯಲ್ಲಿ ಒಂದು ಎಕ್ಸಿಟ್ ಇಳಿದರೆ ಸಿಗುವ ಈ ತೋಟಗಳನ್ನು ಕಾಯುವುದು ಮಿಶಿಗನ್ ಸರೋವರ. ಬೇಸಿಗೆಯ ಕಾವನ್ನು ಹಿಡಿದಿಟ್ಟುಕೊಂಡು ಅಕ್ಟೋಬರಿನವರೆಗೆ ಬಳ್ಳಿಗಳಿಗೆ ಸ್ವಲ್ಪಸ್ವಲ್ಪವೇ ಕೊಡುತ್ತದೆ. ಹಾಗೆ ನಿಧಾನವಾಗಿ ಹಣ್ಣಾಗುವ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯಲ್ಲಿ ಹುಳಿ ಹೆಚ್ಚು. ಇಲ್ಲಿಯ ಒಂದು ವೈನ್‌ಮನೆಯಲ್ಲಿ ಅದರ ಸಕ್ಕರೆ ಅಳೆಯುವುದು ನನ್ನ ಕೆಲಸ. ಊರಿನಲ್ಲಿರುವ ಅಮ್ಮಿಗೆ ವೈನಿನ ಮಾತೆತ್ತದೆ, ಹಣ್ಣಿನ ಲ್ಯಾಬ್ ಎಂದಷ್ಟೇ ಹೇಳಿದ್ದೇನೆ.

ವಿಜಯಪುರದ ಬಸವರಾಜ ಅಂಕಲ್ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಕಾರಿನ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಸುಗ್ಗಿಯಲ್ಲಿ ಇಲ್ಲಿಯ ನೆಲಮಾಳಿಗೆಯಲ್ಲಿ ರಸ ಹುದುಗುವ ಪೀಪಾಯಿಗಳನ್ನು ನೋಡಿಕೊಳ್ಳುತ್ತಿದ್ದರು. ಎರಡು ವರ್ಷಗಳಲ್ಲಿ ನನ್ನೊಂದಿಗೆ ಮುಖಾಮುಖಿ ಕನ್ನಡ ಮಾತಾಡಿದವರು ಅವರೊಬ್ಬರೇ.

"ರೇಷ್ಮಾ, ನೀನೂ ಕುಡಿಯಂಗಿಲ್ಲ, ನಾನೂ ಕುಡಿಯಂಗಿಲ್ಲ. ರುಚಿ ಹೆಂಗೈತಿ ಅಂತ ಮಾಲಕ ನಮ್ಮಿಬ್ಬರನ್ನ ಕೇಳ್ತಾನ" ಎಂದು ನಗಿಸುತ್ತಿದ್ದರು.

ಆ ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ನಾಲ್ಕೈದು ಡಿಗ್ರಿ. ಅಂಥ ಚಳಿಯಲ್ಲೂ ಇಲ್ಲಿಯವರು ಅರೆತೋಳಿನ ಅಂಗಿಯಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತಾರೆ. ನನ್ನ ಬೆರಳು ಮರಗಟ್ಟಿದ್ದವು. ನೆಲಮಾಳಿಗೆಯ ಬಾಗಿಲೆಳೆದು, ಗಾಳಿ ಎಳೆಯುವ ಫ್ಯಾನನ್ನೂ ಆರಿಸಿ, ಮೇಲೆ ಊಟಕ್ಕೆ ಹೋದೆ. ಹತ್ತು ನಿಮಿಷ ಎಂದುಕೊಂಡದ್ದು ಒಂದು ಗಂಟೆಯಾಯಿತು. ಮರಳಿದಾಗ ಬಾಗಿಲ ಗಾಜಿನಾಚೆ ನೆಲದ ಮೇಲೆ ಅಂಕಲ್‌ರ ಬೂಟುಗಳು ಕಂಡವು. ನಾನು ಬಾಗಿಲೆಳೆದಾಗ ಅವರು ಪೀಪಾಯಿಗಳ ಹಿಂದೆ ಇದ್ದದ್ದು ನನಗೆ ಗೊತ್ತಿರಲಿಲ್ಲ.

ನಾನು ಒಳಗೆ ಹೋಗಲಿಲ್ಲ. ಹೋದವರೂ ಬೀಳುತ್ತಾರೆ, ಅದಕ್ಕೇ ಹೋಗಬಾರದೆಂಬ ನಿಯಮ. ಬಾಗಿಲು ತೆರೆದೆ, ಫ್ಯಾನ್ ಹಾಕಿದೆ, ತುರ್ತು ಸೇವೆಯ ೯೧೧ಕ್ಕೆ ಫೋನ್ ಮಾಡಿದೆ. ಆಮ್ಲಜನಕ ಹೊತ್ತವರು ಬರುವವರೆಗೂ ಆ ಬೂಟುಗಳನ್ನೇ ನೋಡುತ್ತ ಅವರನ್ನು ಕೂಗಿದೆ. ಈಗಲೂ ಪಾತ್ರೆ ತೊಳೆಯುವಾಗ, ಕಾರು ಓಡಿಸುವಾಗ ಮನಸ್ಸಿನಲ್ಲೇ ಕೂಗುತ್ತಿರುತ್ತೇನೆ.

ಆಸ್ಪತ್ರೆಯಲ್ಲಿ ಹನ್ನೊಂದನೆಯ ದಿನ ಅವರಿಗೆ ಮಾತು ಬಂತು. ಕಾಲು ಇನ್ನೂ ಎತ್ತಲಾರರು. ಬಾಗಿಲು ತಾವೇ ಮುಚ್ಚಿರಬೇಕೆಂದು ಮಾಲೀಕನ ಕ್ಷಮೆ ಕೇಳಿದರಂತೆ.

"ನಾ ಹಾಕೀನ್ರಿ ಅಂಕಲ್" ಎಂದೆ. "ಥಂಡಿ ಆಗಿತ್ತು."

ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು. "ಮಾಲಕಗ ಹೇಳೀಯೇನು?" ಎಂದರು.

ಇಲ್ಲವೆಂದೆ.

"ಹೇಳು. ನಮ್ಮೂರ ಕಡೆಯಾಕಿ ಅಂತ ನಾ ಸುಳ್ಳು ಹೊತ್ಕೊಳ್ಳಂಗಿಲ್ಲ."

ನಾಳೆ ಹೇಳುತ್ತೇನೆ. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಊರಿಗೆ ಬಂದುಬಿಡು ಎನ್ನುತ್ತಾಳೆ ಅಮ್ಮಿ. ಊರವರ ನಡುವೆ ಹೋದರೆ ಆ ಬಾಗಿಲ ಬಗ್ಗೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಕೇಳಬೇಕಾದವರು ಇಲ್ಲಿ ಮಲಗಿದ್ದಾರೆ.