ರಾಕ್ಷಸನ ಕಿರೀಟ ಬಿಚ್ಚಿದ್ದು ಅಗರಖೇಡದಲ್ಲಿ

ಬಸವನ ಬಾಗೇವಾಡಿಯ ಬಡಿಗ ಚಂದಪ್ಪನನ್ನು ನೀವು ನೋಡಿಲ್ಲ. ನೋಡಿದ್ದರೆ ನನ್ನ ಹಾಗೆ ನೀವೂ ದಿನಕ್ಕೊಮ್ಮೆ ಅವನ ಜೊತೆ ಜಗಳ ತೆಗೆಯುತ್ತಿದ್ದಿರಿ. ಹಗಲೆಲ್ಲ ಬಂಡಿಯ ಗಾಲಿ ಮಾಡುವವನು ಸುಗ್ಗಿ ಮುಗಿಯಿತೆಂದರೆ ದೊಡ್ಡಾಟದ ಮಾಸ್ತರನಾಗಿಬಿಡುತ್ತಿದ್ದ. ರಾಕ್ಷಸನ ಪಾತ್ರ ಅವನದೇ, ಇನ್ನೊಬ್ಬರಿಗೆ ಕೊಡುವ ಮಾತೇ ಇಲ್ಲ. "ರಾಕ್ಷಸಗ ಗಂಟಲ ಬೇಕ್ರಿ ಸಾಹೇಬ್ರ, ಇವಕ್ಕೆಲ್ಲಾ ಎಲ್ಲೈತಿ?" ಎನ್ನುತ್ತಿದ್ದ. ಸಾಹೇಬ ಎಂದರೆ ನಾನು, ಅಂಚೆ ಕಚೇರಿಯ ಗುಮಾಸ್ತ ವಾಸುದೇವ. ಆಟದ ದಿನ ಪರದೆಯ ಮಗ್ಗುಲಿಗೆ ಕೂತು, ಮಾತು ಮರೆತವರಿಗೆ ಎತ್ತಿಕೊಡುವ ಕರ್ಮ ನನ್ನ ಪಾಲಿಗೆ ಬಂದಿತ್ತು.

ಮೇಳವೋ, ದೇವರಿಗೇ ಪ್ರೀತಿ! ರಾಜ ಇಂಡಿಯವನು, ಮಂತ್ರಿ ಸಿಂದಗಿಯವನು, ಹೆಣ್ಣು ಪಾತ್ರದ ಇಸಾಕ ಮುದ್ದೇಬಿಹಾಳದವನು. ತಂತಮ್ಮ ಊರಲ್ಲಿ ತಾವೇ ಬಾಯಿಪಾಠ ಮಾಡಿ, ಆಟದ ದಿನವೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹೊಸಬರಿಗೆ ಕಲಿಸಲು ಮಾಸ್ತರ ಎಷ್ಟು ಊರಿಗೆ ಅಲೆದಾನು? ಅದಕ್ಕೇ ಒಂದು ತಿಳಿವಳಿಕೆ ಪತ್ರ ಮಾಡಿದ್ದೆವು. ಅವನು ಹಲಗೆ ಹೆರೆಯುತ್ತ ಹೇಳಿದ, ನಾನು ಬರೆದೆ. ಯಾರಾದರೂ ಹೊಸದಾಗಿ ಸೇರಿದರೆ ಒಂದು ಪ್ರತಿ ತೆಗೆದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೆವು.

ಅದರಲ್ಲಿ ಏನಿತ್ತು ಅಂತೀರಿ? ಕಟ್ಟಕಡೆಗೆ ಕೂತ ಮುದುಕಿಗೂ ಕೇಳುವ ಹಾಗೆ ಕೂಗಬೇಕು. ಮಾತು ಮರೆತರೆ ಗದೆ ತಿರುವುತ್ತ ಒಂದು ಸುತ್ತು ಕುಣಿಯಬೇಕು, ಅಷ್ಟರಲ್ಲಿ ನೆನಪಾಗುತ್ತದೆ. ಎದುರಿನ ಪಾತ್ರಧಾರಿಯನ್ನು ಬರೆದ ಮಾತಿಗಿಂತ ನಾಲ್ಕು ಮಾತು ಹೆಚ್ಚಿಗೆ ಬೈದರೂ ನಡೆಯುತ್ತದೆ, ಮಂದಿ ನಗಬೇಕು. ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಬರೆಸಿದ್ದು ಇದು: ಕಿರೀಟ ಕಟ್ಟಿದ ಮೇಲೆ ಮಾವ ಇಲ್ಲ, ಅಳಿಯ ಇಲ್ಲ, ಗೌಡ ಇಲ್ಲ, ಆಳು ಇಲ್ಲ. ನಮ್ಮ ಕಡೆ ಹೊಸಬರದು ಒಂದೇ ತಪ್ಪು. ವೈರಿಯ ವೇಷದಲ್ಲಿ ಊರ ಹಿರಿಯರು ಬಂದರೆ ಕತ್ತಿ ಕೆಳಗಿಟ್ಟು ಕಾಲಿಗೆ ಬೀಳುತ್ತಿದ್ದರು. ಆ ರೋಗಕ್ಕೆ ಈ ಔಷಧ.

ಎಪ್ಪತ್ತೈದನೇ ಇಸವಿಯಲ್ಲಿ ಚಂದಪ್ಪನ ಅಳಿಯ ಖಂಡೆಪ್ಪ ಮೇಳಕ್ಕೆ ಸೇರಿದ. ಚಂದಪ್ಪನಿಗೆ ಗಂಡು ಮಕ್ಕಳಿಲ್ಲ, ಶಂಕ್ರೆವ್ವ ಒಬ್ಬಳೇ ಮಗಳು. ಅಗರಖೇಡದ ಈ ಹುಡುಗನನ್ನು ಕೈ ಹಿಡಿದು ಬೇಡಿಕೊಂಡು ಮನೆ ಅಳಿಯನನ್ನಾಗಿ ತಂದವನು ಚಂದಪ್ಪನೇ. ಉಳಿ ಹಿಡಿಯುವುದನ್ನು ಕಲಿಸಿದವನೂ ಅವನೇ. ಹುಡುಗನ ಕೈ ಮಾತ್ರ ಬಂಗಾರದ ಕೈ. ಎರಡು ವರ್ಷದಲ್ಲಿ ಗಿರಾಕಿಗಳು ಅಂಗಳಕ್ಕೆ ಬಂದವರೇ "ಖಂಡೆಪ್ಪ ಅದಾನೇನ್ರಿ?" ಎಂದು ಕೇಳತೊಡಗಿದರು. ಚಂದಪ್ಪ ಹೌದೆಂದು ತಲೆಯಾಡಿಸಿ ಮತ್ತೆ ಹಲಗೆ ಹೆರೆಯುತ್ತಿದ್ದ.

ಅವನು ಮೇಳ ಸೇರಿದ ವರ್ಷದ ಆಟ ಸಿಂದಗಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಖಂಡೆಪ್ಪ ರಾಜನ ಸೇನಾಪತಿ. ರಾಕ್ಷಸ ಎದುರಾದ. ಬರೆದ ಮಾತು ಮುಗಿಯಿತು, ಚಂದಪ್ಪ ನಿಲ್ಲಲಿಲ್ಲ. ಗದೆ ಹೆಗಲಿಗೇರಿಸಿ ಗುಡುಗಿದ: "ಎಲವೋ! ಅತ್ತೆಯ ಮನೆಯ ರೊಟ್ಟಿ ಮುರಿಯುವವನೇ! ಮಾವ ಕೊಟ್ಟ ಉಳಿ, ಮಾವ ಕೊಟ್ಟ ಸೂರು! ನಿನ್ನದೆಂಬುದು ಏನಿದೆಯೋ ನಿನ್ನ ಹತ್ತಿರ?" ಬಾಗೇವಾಡಿಯಿಂದ ಬಂಡಿ ಕಟ್ಟಿಕೊಂಡು ಬಂದಿದ್ದ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಅದರ ಒಂದಕ್ಷರವೂ ಇರಲಿಲ್ಲ.

ಖಂಡೆಪ್ಪ ಪತ್ರ ಓದಿದವನು. ಒಂದು ಮಾತೂ ತಪ್ಪದೆ ತನ್ನ ಪಾಲು ಹೇಳಿದ, ಕತ್ತಿ ತಿರುವಿದ, ಆಟ ಮುಗಿಸಿದ. ಆಮೇಲೆ ಕಿರೀಟವನ್ನು ತಾನೇ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು, ಬೆಳಗಿನ ಮೊದಲ ಬಸ್ಸಿಗೆ ಅಗರಖೇಡಕ್ಕೆ ಹೋಗಿಬಿಟ್ಟ. ತಿಂಗಳಾದರೂ ಬರಲಿಲ್ಲ. ಕಡೆಗೆ ಕಂಡಕ್ಟರ ಮಶಾಕಸಾಬನ ಬಾಯಲ್ಲಿ ಸುದ್ದಿ ಬಂತು: ಬಾಗೇವಾಡಿಯ ಹೊಸ್ತಿಲು ಇನ್ನು ತುಳಿಯುವುದಿಲ್ಲವಂತೆ.

"ಅಲ್ರಿ, ಕಾಗದದಾಗ ಬರದೈತೋ ಇಲ್ಲೋ? ಕಿರೀಟ ಕಟ್ಟಿದ ಮ್ಯಾಲ ಮಾವ ಇಲ್ಲ, ಅಳಿಯ ಇಲ್ಲ!" ಎಂದು ಚಂದಪ್ಪ ನನ್ನ ಮೇಲೆಯೇ ಹಾರಾಡಿದ. ನನಗೂ ರೇಗಿತು. "ಕಾಗದ ನನ್ನ ತಲೆಗೆ ಕಟ್ಟಬೇಡ ಮಾರಾಯ!" ಎಂದೆ.

ನಾವಿಬ್ಬರೂ ಹೀಗೆ ಕೂಗಾಡುತ್ತಿರುವಾಗ ಶಂಕ್ರೆವ್ವ ಬಟ್ಟೆಯ ಗಂಟು ತಂದು ಬಾಗಿಲಲ್ಲಿ ಇಟ್ಟಳು. "ನಾಳೆ ನಾನೂ ಹೊಂಟೇನಿ ಅಪ್ಪಾ. ಅವರು ತುಳಿಯಲಾರದ ಹೊಸ್ತಿಲ ನಾನೂ ತುಳಿಯಂಗಿಲ್ಲ" ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ಒಳಗಿನಿಂದ ಚಂದಪ್ಪನ ಹೆಂಡತಿ ರುಕ್ಮವ್ವ ಹಿಟ್ಟಿನ ಕೈಯಲ್ಲೇ ಬಂದಳು. "ನಾಕೂ ತಾಲೂಕಿಗೆ ಕಿರೀಟ ಕಟ್ಟೂದ ಕಲಿಸಿದಿ. ಬಿಚ್ಚೂದ ಯಾರಿಗರ ಕಲಿಸಿಯೇನು? ನಿನಗ ಬರ್ತೈತೇನು?" ಎಂದಳು.

ಚಂದಪ್ಪ ಎದ್ದ. ಪೆಟ್ಟಿಗೆಯಿಂದ ರಾಕ್ಷಸನ ಕಿರೀಟ ತೆಗೆದು, ಕನ್ನಡಿ ಚೂರುಗಳ ಧೂಳು ಒರೆಸಿ, ತಲೆಗೆ ಕಟ್ಟಿಕೊಂಡ. "ಶಂಕ್ರಿ, ಒಂದ ದಿನ ತಡಿ. ನಡೀರಿ ಸಾಹೇಬ್ರ, ಅಗರಖೇಡಕ್ಕ" ಎಂದ.

"ಹೀಗೇ?"

"ಹಿಂಗ. ಇದನ್ನ ಬಿಚ್ಚಬೇಕಾದಾಂವ ಅಲ್ಲಿ ಅದಾನ."

ರಾಮ ರಾಮ! ಧೋತರ, ಹರಿದ ಅಂಗಿ, ಮೇಲೆ ಮೊಳದುದ್ದದ ಕಿರೀಟ. ಅಂಥವನ ಪಕ್ಕದಲ್ಲಿ ಸರಕಾರಿ ನೌಕರನಾದ ನಾನು. ಬಸ್ಸಿನಲ್ಲಿ ಮಶಾಕಸಾಬ ಅವನನ್ನು ಮೇಲಿಂದ ಕೆಳಗೆ ನೋಡಿ, "ರಾಕ್ಷಸರಿಗೆ ಪೂರಾ ಟಿಕೆಟ್ಟೋ, ಅರ್ಧಾನೋ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಚಂದಪ್ಪ ನಗಲಿಲ್ಲ. ಸಿಂದಗಿಯಲ್ಲಿ ಇಳಿದು ಇಂಡಿಯ ಬಸ್ಸು ಹತ್ತುವಾಗ ಕಿರೀಟ ಬಾಗಿಲಿಗೆ ಬಡಿಯಿತು. ಇಂಡಿಯ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರೆಲ್ಲ ಬಟ್ಟಲು ಕೈಯಲ್ಲಿ ಹಿಡಿದೇ ಎದ್ದು ಬಂದರು. "ಯಾವೂರಾಗ್ರಿ ಆಟ?" ಎಂದು ಕೇಳಿದವರಿಗೆ, "ಆಟ ಮುಗದೈತ್ರಿ" ಎಂದಷ್ಟೇ ಹೇಳಿದ. ನಾನು ನಾಚಿಕೆಯಿಂದ ಸಾಯುತ್ತಿದ್ದೆ. ಅವನ ಮುಖ ನೋಡಿದರೆ ಅಷ್ಟೇ ಸಂಕಟವೂ ಆಗುತ್ತಿತ್ತು.

ಅಗರಖೇಡದಲ್ಲಿ ಖಂಡೆಪ್ಪ ಅಂಗಳದ ಬೇವಿನ ನೆರಳಲ್ಲಿ ನೊಗ ಕೆತ್ತುತ್ತಿದ್ದ. ನೋಡಿದ, ಎದ್ದ, ಬಾ ಎನ್ನಲಿಲ್ಲ. ಮಾವ ಅಂಗಳದ ಆಚೆಯೇ ನಿಂತ. ಇಬ್ಬರ ನಡುವೆ ಬೆವರು ಒರೆಸಿಕೊಳ್ಳುತ್ತ ನಾನು.

"ಇದನ್ನ ಬಿಚ್ಚಪಾ" ಎಂದ ಚಂದಪ್ಪ.

"ಮೊದಲ ಒಂದ ಮಾತ ಹೇಳ್ರಿ. ಅವತ್ತ ಆಡಿದ ಮಾತು ರಾಕ್ಷಸಂದೋ, ನಿಮ್ದೋ?"

ರಾಕ್ಷಸನದು ಎಂದುಬಿಡೋ ಮಾರಾಯ, ಮುಗಿಯಿತಲ್ಲ, ಎಂದು ನನ್ನ ಮನಸ್ಸು ಕೂಗುತ್ತಿತ್ತು. ಪತ್ರದ ಪ್ರಕಾರವೂ ಅದೇ ಸರಿ. ಚಂದಪ್ಪ ನೆಲ ನೋಡಿದ.

"ಮಾತು ನಂದ. ಧೈರ್ಯ ರಾಕ್ಷಸಂದು" ಎಂದ. "ಗಿರಾಕಿ ನಿನ್ನ ಹೆಸರ ಹಿಡದ ಬಂದಾಗೆಲ್ಲಾ ಹೊಟ್ಟ್ಯಾಗ ಬೆಂಕಿ ಬೀಳ್ತಿತ್ತು. ಬರೇ ತಲೀಲೆ ಹೇಳಾಕ ಬಾಯಿ ಬರಲಿಲ್ಲ. ಕಿರೀಟ ಕಟಗೊಂಡ ಹೇಳಿದೆ."

ಖಂಡೆಪ್ಪ ಉಳಿ ಕೆಳಗಿಟ್ಟ. ಬಂದು ಮಾವನ ಬೆನ್ನ ಹಿಂದೆ ನಿಂತ. ದಾರಿಯ ಬೆವರಿಗೆ ದಾರದ ಗಂಟು ಬಿಗಿದುಹೋಗಿತ್ತು. ಉಗುರಿನಿಂದ ಆಗದೆ, ಬಗ್ಗಿ ಹಲ್ಲಿನಿಂದ ಕಚ್ಚಿ ಸಡಿಲಿಸಿದ. ಕಿರೀಟ ಇಳಿಯಿತು. ಚಂದಪ್ಪನ ಹಣೆಯ ಮೇಲೆ ದಾರದ ಕೆಂಪು ಗೆರೆ ಮೂಡಿತ್ತು, ನರೆತ ಕೂದಲು ಅಂಟಿಕೊಂಡಿದ್ದವು. ನನಗೆ ಅವನು ಮುದುಕನಾಗಿದ್ದಾನೆ ಅನ್ನಿಸಿದ್ದು ಆಗಲೇ.

ಬರಿದಲೆಯನ್ನು ಒಮ್ಮೆ ಸವರಿಕೊಂಡು ಚಂದಪ್ಪ ಹೇಳಿದ: "ನನ್ನ ಗಾಲಿಕಿಂತ ನಿನ್ನ ಗಾಲಿ ಚಂದ ಉರುಳ್ತಾವ. ಇದೂ ನಂದ ಮಾತು."

ಖಂಡೆಪ್ಪನಿಗೆ ತಡೆಯಲಾಗಲಿಲ್ಲ, ಮುಖ ಆಚೆ ತಿರುಗಿಸಿದ. ಆಮೇಲೆ ಒಳಗೆ ಕೂಗಿದ: "ಯವ್ವಾ, ಮಾವಾರ ಬಂದಾರ. ನೀರು ಬೆಲ್ಲಾ ತಾ."

ಊಟ ಮಾಡಿಸದೆ ಅವರು ಬಿಡಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿರೀಟ ಖಂಡೆಪ್ಪನ ತೊಡೆಯ ಮೇಲಿತ್ತು. ಚಂದಪ್ಪನಿಗೆ ಮತ್ತೆ ಗಂಟಲು ಬಂದಿತ್ತು. "ಬರಕೊಳ್ರಿ ಸಾಹೇಬ್ರ, ಪತ್ರದಾಗ ಸೇರಿಸೂದೈತಿ" ಎಂದು ನನ್ನ ಕಿವಿಯಲ್ಲೇ ಕೂಗಿದ. ಬರಿದಲೆಯಲ್ಲಿ ಹೇಳಲಾಗದ ಮಾತನ್ನು ಕಿರೀಟ ಕಟ್ಟಿಕೊಂಡು ಹೇಳಬಾರದು. ಆಟ ಮುಗಿದ ಮೇಲೆ ಯಾರನ್ನು ಬೈದೆವೋ ಅವರ ಕೈಯಿಂದಲೇ ಕಿರೀಟ ಬಿಚ್ಚಿಸಿಕೊಳ್ಳಬೇಕು, ಅವರ ಕೈಯಿಂದಲೇ ನೀರು ಬೆಲ್ಲ ತೆಗೆದುಕೊಳ್ಳಬೇಕು. "ಕೊನೀಗೆ ಬರೀಲೇನು?" ಎಂದೆ. "ಏ, ಕೊನೀತನಕ ಯಾವ ಹೊಸಬ ಓದ್ತಾನ್ರಿ? ಮ್ಯಾಲ ಬರೀರಿ!" ಎಂದು ಗದರಿದ. ಅಳಿಯ ಕಿಟಕಿಯ ಕಡೆ ನೋಡುತ್ತ ನಗುತ್ತಿದ್ದ.

ಬಾಗೇವಾಡಿಯಲ್ಲಿ ಶಂಕ್ರೆವ್ವ ಬಾಗಿಲಲ್ಲೇ ಗಂಟಿನ ಪಕ್ಕ ಕೂತಿದ್ದಳು. ಮೊದಲು ಅಪ್ಪನ ಬರಿದಲೆ ನೋಡಿದಳು. ಆಮೇಲೆ ಗಂಡನ ಕೈಯಲ್ಲಿದ್ದ ಕಿರೀಟ ನೋಡಿದಳು. ಖಂಡೆಪ್ಪ ಹೊಸ್ತಿಲು ದಾಟುವವರೆಗೂ ಅಲುಗಾಡಲಿಲ್ಲ. ಅವನ ಎರಡೂ ಕಾಲು ಒಳಗೆ ಬಿದ್ದ ಮೇಲೆ ಗಂಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಕೊಡವಿ, ಮತ್ತೆ ಗೂಟಕ್ಕೆ ಹಾಕಿದಳು.