ಸಂಕಪ್ಪಣ್ಣ ಬರೆದ ಬೈಗುಳ

ಅಕ್ಷಿತನ ತುಳು ನಾಟಕಕ್ಕೆ ಜನ ಬರುತ್ತಿದ್ದದ್ದು ಕಥೆಗಾಗಿ ಅಲ್ಲ, ಅವನು ಇವತ್ತು ಡಿಯೋನನನ್ನು ಹೇಗೆ ಹಂಗಿಸುತ್ತಾನೆಂದು ಕೇಳಲಿಕ್ಕೆ. ಇಬ್ಬರೂ ಹೆಸರಾಂತ ಹಾಸ್ಯನಟರು. ಹಿಂದೆ ಒಂದೇ ತಂಡದವರು. ಈಗ ಇವನು ವೇದಿಕೆಯಲ್ಲಿ ಬೈದರೆ ಅವನು ಯೂಟ್ಯೂಬಿನಲ್ಲಿ ಉತ್ತರ ಕೊಡುತ್ತಿದ್ದ. ಅಕ್ಷಿತನ ಬೈಗುಳಗಳನ್ನು ಬರೆಯುತ್ತಿದ್ದವರು ಸಂಕಪ್ಪಣ್ಣ ಎಂಬುದು ಮಾತ್ರ ತಂಡದ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಸಂಕಪ್ಪಣ್ಣ ಬಿಜೈಯಲ್ಲಿ ಅಳಿಯನ ಹೋಟೆಲಿನ ಕೌಂಟರಿನಲ್ಲಿ ಕೂರುವವರು. ಗಿರಾಕಿ ಸಾಂಬಾರು ಸರಿಯಿಲ್ಲ ಎಂದರೂ ನಕ್ಕು ಬೇರೆ ತರಿಸುವ ಸೌಮ್ಯ ಮನುಷ್ಯ. ಬರೆಯಲು ಕೂತರೆ ಮಾತ್ರ ಬೇರೆಯೇ ಹರಿತ. ಪರದೆಯ ಹಿಂದೆ ನಿಂತು, ತನ್ನ ಮಾತಿಗೆ ಜನ ಬಿದ್ದು ಬಿದ್ದು ನಗುವುದನ್ನು ಕೇಳುವ ರುಚಿ ಹತ್ತಿಬಿಟ್ಟಿತ್ತು.

ಆ ರುಚಿಗೆ ಬಿದ್ದೇ ಡಿಯೋನನ ವಿಗ್ಗಿಗೂ ಕೈಹಾಕಿದರು. ಹಿಂದೆ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಡಿಯೋನನ ಕೂದಲು ಉದುರಿದಾಗ, ಪ್ರತಿ ನಾಟಕಕ್ಕೂ ಮೊದಲು ಬಾಗಿಲು ಹಾಕಿ ಅವನ ವಿಗ್ಗನ್ನು ಸರಿಮಾಡುತ್ತಿದ್ದವರು ಇವರೇ. "ಯಾರಿಗೂ ಹೇಳ್ಬೇಡಿ ಸಂಕಪ್ಪಣ್ಣ" ಎಂದಿದ್ದ ಅವನು. ಇಷ್ಟು ಕಾಲ ಹೇಳಿರಲಿಲ್ಲ. ಈಗ ಬರೆದುಕೊಟ್ಟರು: "ಅವನ ಕಾಮಿಡಿ ತಡೆಯಲಾಗದೆ ತಲೆಕೂದಲೇ ವಿಗ್ಗಿಗೆ ಜಾಗ ಬಿಟ್ಟು ಓಡಿತು, ಇನ್ನು ಪ್ರೇಕ್ಷಕರು ಕೂರ್ತಾರಾ?"

ಸಭಾಂಗಣ ನಗೆಯಲ್ಲಿ ಮುಳುಗಿತು. ಮುಂದಿನ ಸಾಲಿನಲ್ಲಿದ್ದ ಸಂಕಪ್ಪಣ್ಣನ ಹೆಂಡತಿ ಶಶಿಪ್ರಭಾ ನಗಲಿಲ್ಲ. ಪರದೆಯ ಸಂದಿಯಿಂದ ಅದು ಕಂಡರೂ ಸಂಕಪ್ಪಣ್ಣ ಕಾಣದವರಂತೆ ಇದ್ದರು.

ಮರುದಿನ ಮುಫೀದಾ ಎಂಬ ನರ್ಸ್ ಫೇಸ್‌ಬುಕ್ಕಿನಲ್ಲಿ ಬರೆದಳು: "ನಾಟಕ ಚಂದ ಉಂಟು. ವಿಗ್ಗಿನ ಜೋಕ್ ಬೇಡಿತ್ತು. ನಮ್ಮ ವಾರ್ಡಿನಲ್ಲಿ ಕೂದಲು ಹೋದವರು ಕನ್ನಡಿ ನೋಡ್ಲಿಕ್ಕೇ ಹೆದರ್ತಾರೆ."

ಇಷ್ಟಕ್ಕೆ ಅಕ್ಷಿತ ಉರಿದುಬಿದ್ದ. ಊರಿನವರನ್ನೆಲ್ಲ ಆಡಿಕೊಳ್ಳುವ ಬಾಯಿ ಅದು. ತನಗೆ ಒಂದು ಮಾತು ಬಂದರೆ ತಡೆಯದು. "ನನಗೆ ಬುದ್ಧಿ ಹೇಳ್ಲಿಕ್ಕೆ ಅವಳು ಯಾರು ಮಾರಾಯ್ರೆ? ಇನ್ನು ಬಾಯಿ ತೆರೆಯಬಾರದು, ಹಾಗೆ ಒಂದು ಬರೆದುಕೊಡಿ."

ಬೇಡ ಎನ್ನಬಹುದಿತ್ತು. ಸಂಕಪ್ಪಣ್ಣ ಬರೆದುಕೊಟ್ಟರು: "ಸಿಸ್ಟರ್, ನಿಮ್ಮ ಮುಖ ನೋಡಿಯೇ ರೋಗಿಗಳು ಡಿಸ್ಚಾರ್ಜ್ ಕೇಳ್ತಿದ್ದಾರಂತೆ, ಹೌದಾ?"

ಅಕ್ಷಿತ ಅದನ್ನು ಹಾಕಿದ್ದೇ ತಡ, ಅಭಿಮಾನಿಗಳು ಮುಗಿಬಿದ್ದರು. ಅವಳ ಫೋಟೋ, ಆಸ್ಪತ್ರೆಯ ಹೆಸರು, ಧರ್ಮ, ಯಾವುದನ್ನೂ ಬಿಡಲಿಲ್ಲ. ಸಂಜೆಯೊಳಗೆ ಅವಳು ಖಾತೆಯನ್ನೇ ಮುಚ್ಚಿದಳು. ಆ ಕಮೆಂಟುಗಳನ್ನು ಸಂಕಪ್ಪಣ್ಣ ಒಂದೂ ಬಿಡದೆ ಓದಿದರು.

ಅತ್ತಾವರದಲ್ಲಿದ್ದ ಅವಳ ಆಸ್ಪತ್ರೆಗೆ ಹುಡುಕಿಕೊಂಡು ಹೋದರು. ಕಾರಿಡಾರಿನಲ್ಲಿ ಟ್ರೇ ಹಿಡಿದು ಬರುತ್ತಿದ್ದ ಮುಫೀದಾಳನ್ನು ತಡೆದು, "ಅದನ್ನು ಬರೆದದ್ದು ನಾನು. ತಪ್ಪಾಯ್ತಮ್ಮ" ಎಂದರು.

ಅವಳು ಅವರ ಬಿಳಿಕೂದಲನ್ನು, ಇಸ್ತ್ರಿ ಹಾಕಿದ ಅಂಗಿಯನ್ನು ನೋಡಿದಳು. "ನೀವಾ? ಯಾರೋ ಸಣ್ಣ ಹುಡುಗರು ಅಂತ ಎಣಿಸಿದ್ದೆ" ಎಂದಳು. ಆಮೇಲೆ, "ಬೈದದ್ದು ಊರಿಡೀ ಕೇಳುವ ಹಾಗೆ. ತಪ್ಪಾಯ್ತು ಅಂತ ಹೇಳ್ಲಿಕ್ಕೆ ಮಾತ್ರ ಈ ಮೂಲೆಯಾ?" ಎಂದು ವಾರ್ಡಿನೊಳಗೆ ನಡೆದಳು.

ಅಂದೇ ಸಂಕಪ್ಪಣ್ಣ ತಮ್ಮ ಹೆಸರಿನಲ್ಲಿ ಬರೆದು ಹಾಕಿದರು: ವಿಗ್ಗಿನ ಮಾತು, ನರ್ಸನ್ನು ಹಂಗಿಸಿದ ಮಾತು ಎರಡೂ ನನ್ನವು, ಡಿಯೋನ್ ನನ್ನನ್ನು ನಂಬಿ ತೋರಿಸಿದ ನೋವನ್ನು ನಗೆಗೆ ಮಾರಿದೆ. ಅಕ್ಷಿತ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದು ತಂಡದಿಂದ ಹೊರಹಾಕಿದ. ಬರೆದುಕೊಡುವವರಿಲ್ಲದ್ದಕ್ಕೋ ಏನೋ, ಆ ಬೈಗುಳದಲ್ಲಿ ಹಾಸ್ಯ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಡಿಯೋನನ ಕರೆ ಬಂತು. ಸಂಕಪ್ಪಣ್ಣ ಎದ್ದುನಿಂತೇ ತೆಗೆದುಕೊಂಡರು. ಏನು ಬೈದರೂ ಕೇಳಬೇಕೆಂದು ಮನಸ್ಸು ಗಟ್ಟಿಮಾಡಿದ್ದರು.

"ಓದಿದೆ. ಹೋಗ್ಲಿ ಬಿಡಿ" ಎಂದ ಡಿಯೋನ್. "ಇನ್ನು ನನಗೆ ಬರೀರಿ. ಅಕ್ಷಿತನ ಮನೆಯ ವಿಷಯ ನಿಮಗೆ ಎಲ್ಲ ಗೊತ್ತುಂಟಲ್ಲ? ಅವನ ಹೆಂಡತಿ ಬಿಟ್ಟುಹೋದದ್ದು ಎಂತಕ್ಕೆ?"

"ನಾನಿನ್ನು ಬರೆಯುವುದಿಲ್ಲ ಡಿಯೋನ್. ನೀನೂ ಅದನ್ನು ಎತ್ತಬೇಡ."

"ನೀವು ನನಗೆ ಬುದ್ಧಿ ಹೇಳುವುದಾ?" ಎಂದು ಕಿರುಚಿ ಅವನು ಫೋನ್ ಇಟ್ಟ.

"ಎಂತ ಹೇಳಿದ? ಕ್ಷಮಿಸಿದನಾ?" ಎಂದು ಒಳಗಿನಿಂದ ಶಶಿಪ್ರಭಾ ಕೇಳಿದಳು.

"ಕೆಲಸ ಕೊಡ್ತಾನಂತೆ" ಎಂದರು ಸಂಕಪ್ಪಣ್ಣ, ಅವಳತ್ತ ತಿರುಗದೆ.